ಮೊದಲು ಗುರುತು, ಆಮೇಲೆ ಮದ್ದು

ಸೂಕ್ಷ್ಮದರ್ಶಕದ ಕೆಳಗೆ ಒಂದು ಗಾಜಿನ ಸ್ಲೈಡ್. ರೋಗಿಯ ಕುತ್ತಿಗೆಯಿಂದ ತೆಗೆದ ಗಂಟನ್ನು ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾಗಿ ಸೀಳಿ ಅದರ ಮೇಲೆ ಅಂಟಿಸಿದ್ದಾರೆ. ಮಾಮೂಲಿ ಗುಲಾಬಿ-ನೇರಳೆ ಬಣ್ಣ ಹಾಕಿ ನೋಡಿದರೆ ದೊಡ್ಡ ದೊಡ್ಡ ಕೋಶಗಳು ಒತ್ತೊತ್ತಾಗಿ ತುಂಬಿಕೊಂಡಿವೆ. ಗ್ರಂಥಿಯ ಸಹಜ ರಚನೆ ಅಳಿಸಿಹೋಗಿದೆ. ಇದು ಕ್ಯಾನ್ಸರ್ ಎಂಬುದು ಪೆಥಾಲಜಿಸ್ಟರಿಗೆ ಗೊತ್ತಾಗುತ್ತದೆ. ಯಾವ ಕ್ಯಾನ್ಸರ್ ಎಂಬುದು ಇನ್ನೂ ಗೊತ್ತಿಲ್ಲ. ಆಗ ಅದೇ ಗಂಟಿನ ಮತ್ತೊಂದು ಪದರ ತೆಗೆದುಕೊಂಡು, ಸಿಡಿ20 ಎಂಬ ಪ್ರೋಟೀನಿಗಷ್ಟೇ ಅಂಟಿಕೊಳ್ಳುವ ಪ್ರತಿಕಾಯವನ್ನು ಅದರ ಮೇಲೆ ಹಾಕಿ, ಅಂಟಿದ ಕಡೆಯಲ್ಲೆಲ್ಲ ಕಂದು ಬಣ್ಣ ಏಳುವಂತೆ ಮಾಡುತ್ತಾರೆ. ಮತ್ತೆ ಕಣ್ಣಿಟ್ಟು ನೋಡಿದಾಗ ಕೋಶ ಕೋಶದ ಸುತ್ತಲೂ ಅಚ್ಚುಕಟ್ಟಾದ ಕಂದು ಉಂಗುರ. ಒಳಗೆ ಆ ಬಣ್ಣವಿಲ್ಲ, ಅಂಚಿನಲ್ಲಿ ಮಾತ್ರ.

ಈ ರೋಗಿಗೆ ಯಾವ ಮದ್ದು ಕೊಡಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಉಂಗುರ. ಏಕೆಂದರೆ ಪ್ರಯೋಗಾಲಯದಲ್ಲಿ ಬಣ್ಣ ಬರಿಸಿದ ಪ್ರತಿಕಾಯ ಹಿಡಿದುಕೊಂಡ ಪ್ರೋಟೀನನ್ನೇ, ಮರುದಿನ ರೋಗಿಯ ನರಕ್ಕೆ ಡ್ರಿಪ್ ಮೂಲಕ ಇಳಿಯುವ ಔಷಧಿಯೂ ಹುಡುಕಿಕೊಂಡು ಹೋಗಿ ಹಿಡಿಯುತ್ತದೆ. ಕಳೆದ 25-30 ವರ್ಷಗಳಲ್ಲಿ ಉಗ್ರ ಸ್ವರೂಪದ ಲಿಂಫೋಮಾ ಚಿಕಿತ್ಸೆಯಲ್ಲಿ ಆದ ದೊಡ್ಡ ಬದಲಾವಣೆಗಳೆಲ್ಲ ಬಹುಪಾಲು ಇದೇ ದಾರಿಯಲ್ಲಿ ಬಂದಿವೆ. ಕೋಶದ ಮೈಮೇಲೆ ಏನಿದೆ ಎಂದು ಗುರುತಿಸು, ಆ ಗುರುತಿಗೆ ಗುರಿಯಿಡು. ಹಾಗಾಗಿ ಈ ಕಾಯಿಲೆಯಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ ಔಷಧಿಯಲ್ಲ, ಸರಿಯಾದ ಗುರುತು. ನಮ್ಮಲ್ಲಿ ರೋಗಿಗಳು ಹೆಚ್ಚಾಗಿ ಎಡವುವುದೂ ಅಲ್ಲಿಯೇ.

ಲಿಂಫೋಮಾ ಎಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಕುತ್ತಿಗೆ, ಕಂಕುಳು, ತೊಡೆಸಂದು, ಹೊಟ್ಟೆಯ ಒಳಭಾಗ ಹೀಗೆ ಮೈಯಲ್ಲೆಲ್ಲ ಹರಡಿಕೊಂಡಿರುವ ದುಗ್ಧಗ್ರಂಥಿಗಳು ಈ ಕಣಗಳ ತಂಗುದಾಣ. ಅವುಗಳಲ್ಲಿ ಬಿ-ಕೋಶ ಮತ್ತು ಟಿ-ಕೋಶ ಎಂಬ ಎರಡು ಮುಖ್ಯ ಬಗೆ. ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುವ ಹೊಣೆ ಬಿ-ಕೋಶಗಳದ್ದು. ಸೋಂಕಿತ ಕೋಶಗಳನ್ನು ನೇರವಾಗಿ ಕೊಲ್ಲುವ ಕೆಲಸ ಟಿ-ಕೋಶಗಳಲ್ಲಿ ಕೆಲವದ್ದು. ಬಿ-ಕೋಶವೊಂದು ಕೆಟ್ಟು ಅಂಕೆಯಿಲ್ಲದೆ ಬೆಳೆದಾಗ ಬರುವ ಉಗ್ರ ಲಿಂಫೋಮಾಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ‘ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ’. ಹಾಡ್ಜ್‌ಕಿನ್ ಅಲ್ಲದ ಲಿಂಫೋಮಾಗಳಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಇದೇ. ಗಂಟು ವಾರಗಳಲ್ಲೇ ಬೆಳೆಯುತ್ತದೆ. ಸುಮ್ಮನೆ ಬಿಟ್ಟರೆ ತಿಂಗಳುಗಳಲ್ಲಿ ಜೀವ ಹೋಗುತ್ತದೆ.

ಹೀಗಿದ್ದೂ ಇದು ವಾಸಿಯಾಗಬಲ್ಲ ಕಾಯಿಲೆ. ವರ್ಷಗಟ್ಟಲೆ ತಣ್ಣಗೆ ಬೆಳೆಯುವ ಕೆಲವು ಲಿಂಫೋಮಾಗಳು ಚಿಕಿತ್ಸೆಗೆ ಬಗ್ಗಿದಂತೆ ಮಾಡಿ ಮತ್ತೆ ಮತ್ತೆ ಮರಳುತ್ತವೆ. ಈ ಉಗ್ರ ಬಗೆಯಾದರೋ, ಸರಿಯಾದ ಸಮಯದಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಮೊದಲ ಚಿಕಿತ್ಸೆಗೇ ಬುಡಸಮೇತ ಹೋಗುತ್ತದೆ. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಕೈಚೆಲ್ಲಿ ಕೂರುವ ಕುಟುಂಬಗಳಿಗೆ ಮೊದಲು ತಿಳಿಯಬೇಕಾದ ಮಾತು ಇದು.

ಹಿಂದೆ ಹೀಗಿರಲಿಲ್ಲ. 1970ರ ದಶಕದಲ್ಲಿ ನಾಲ್ಕು ಔಷಧಿಗಳ ಒಂದು ಜೋಡಣೆ ಬಳಕೆಗೆ ಬಂತು. ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ವಿನ್‌ಕ್ರಿಸ್ಟಿನ್ ಮತ್ತು ಪ್ರೆಡ್ನಿಸೋನ್. ಇದನ್ನು ‘ಚಾಪ್’ ಎಂದು ಕರೆದರು. ಇದರಲ್ಲಿನ ವಿನ್‌ಕ್ರಿಸ್ಟಿನ್ ನಮ್ಮ ಮನೆಯಂಗಳದಲ್ಲೂ ದೇವಸ್ಥಾನದ ಪೌಳಿಯ ಪಕ್ಕದಲ್ಲೂ ವರ್ಷವಿಡೀ ಅರಳುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. ಡಾಕ್ಸೋರುಬಿಸಿನ್ ಕೆಂಪು ದ್ರವ. ಅದನ್ನು ಕೊಟ್ಟ ದಿನ ಮೂತ್ರವೂ ಕೆಂಪಗಾಗುತ್ತದೆ. ಬೇಗ ಬೇಗ ವಿಭಜನೆಯಾಗುವ ಯಾವುದೇ ಕೋಶವನ್ನು ಈ ಔಷಧಿಗಳು ಹೊಡೆಯುತ್ತವೆ. ಕ್ಯಾನ್ಸರ್ ಕೋಶದ ಜತೆಗೆ ಕೂದಲ ಬುಡ, ಬಾಯೊಳಗಿನ ಪೊರೆ, ಮೂಳೆಯ ಮಜ್ಜೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ಔಷಧಿಗಳ ಸಂಖ್ಯೆ ಹೆಚ್ಚಿಸಿದರೆ ಫಲಿತಾಂಶವೂ ಹೆಚ್ಚೀತು ಎಂದುಕೊಂಡು ವೈದ್ಯರು ಆರು, ಎಂಟು ಔಷಧಿಗಳ ಜೋಡಣೆಗಳನ್ನು ಮಾಡಿ ನೋಡಿದರು. 1993ರಲ್ಲಿ ಅಮೆರಿಕದಿಂದ ಬಂದ ದೊಡ್ಡ ಅಧ್ಯಯನವೊಂದು ಆ ಆಸೆಗೆ ತೆರೆ ಎಳೆಯಿತು. 899 ರೋಗಿಗಳಲ್ಲಿ ಚಾಪ್ ಮತ್ತು ಮೂರು ಹೊಸ ಜೋಡಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಎಲ್ಲದರ ಫಲವೂ ಒಂದೇ. ಮೂರು ವರ್ಷದ ನಂತರ ಬದುಕಿದ್ದವರು ಹೆಚ್ಚು ಕಡಿಮೆ ಅರ್ಧದಷ್ಟು. ಹೊಸ ಜೋಡಣೆಗಳಲ್ಲಿ ಅಡ್ಡಪರಿಣಾಮ ಮಾತ್ರ ಹೆಚ್ಚು. ಹೊಡೆತದ ಬಲ ಹೆಚ್ಚಿಸಿ ಪ್ರಯೋಜನವಿಲ್ಲ, ಬೇರೆ ದಾರಿಯೇ ಬೇಕು ಎಂಬುದು ಖಚಿತವಾಯಿತು.

ಆ ಬೇರೆ ದಾರಿಯ ಕೆಲಸ ಅಷ್ಟರಲ್ಲಾಗಲೇ ನಡೆದಿತ್ತು. ಕೋಶದ ಹೊರಪೊರೆಯ ಮೇಲೆ ನಾನಾ ಬಗೆಯ ಪ್ರೋಟೀನುಗಳಿವೆ. ಹೊರಗಿನ ಸಂದೇಶವನ್ನು ಹಿಡಿದು ಒಳಗೆ ದಾಟಿಸುವ ರಿಸೆಪ್ಟರುಗಳು, ಅಂದರೆ ಗ್ರಾಹಿಗಳು, ಅವುಗಳಲ್ಲಿ ಮುಖ್ಯವಾದವು. ಬಿ-ಕೋಶದ ಮೇಲೆ ಇರುವುದೆಲ್ಲ ಟಿ-ಕೋಶದ ಮೇಲೆ ಇರುವುದಿಲ್ಲ. ರಕ್ತಕಣಗಳ ಮೇಲಿರುವುದು ಕರುಳಿನ ಕೋಶದ ಮೇಲಿರುವುದಿಲ್ಲ. ರಾಗಿ ಹೊಲದಲ್ಲಿ ಎಳೆಯ ಪೈರಿನ ನಡುವೆ ಅದನ್ನೇ ಹೋಲುವ ಕಾಡುರಾಗಿ ಎದ್ದಾಗ, ಕಳೆ ಕೀಳುವ ಹೆಂಗಸರು ಬುಡವನ್ನೂ ಎಲೆಯನ್ನೂ ನೋಡಿ ಯಾವುದು ಕಳೆ, ಯಾವುದು ಪೈರು ಎಂದು ಹೇಳಬಲ್ಲರು. ಅಂಥ ಗುರುತನ್ನು ಕೋಶದ ಮೈಮೇಲೆ ಹುಡುಕುವುದು ವಿಜ್ಞಾನಿಗಳ ಗುರಿಯಾಗಿತ್ತು. ಹುಡುಕಲು ಬೇಕಾದ ಸಾಧನ 1975ರಲ್ಲಿ ಸಿಕ್ಕಿತು. ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಗುರಿಗೆ ಅಂಟುವ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪ್ರಮಾಣದಲ್ಲಿ ತಯಾರಿಸುವ ವಿಧಾನ ಕಂಡುಕೊಂಡರು. ಇದೇ ಮಾನೋಕ್ಲೋನಲ್ ಪ್ರತಿಕಾಯ. 1984ರಲ್ಲಿ ಅವರಿಗೆ ನೊಬೆಲ್ ಬಂತು.

1980ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಕ್ಯಾನ್ಸರ್ ಸಂಸ್ಥೆಯಲ್ಲಿ ಫಿಲಿಪ್ ಸ್ಟಾಶೆಂಕೊ, ಲೀ ನ್ಯಾಡ್ಲರ್ ಮತ್ತು ಸಂಗಡಿಗರು ಬಿ-ಕೋಶಗಳ ಮೇಲಷ್ಟೇ ಕಾಣುವ ಒಂದು ಪ್ರೋಟೀನನ್ನು ಗುರುತಿಸಿದರು. ಅವರು ಅದಕ್ಕೆ ಬಿ1 ಎಂದರು. ಇಂಥ ಗುರುತುಗಳಿಗೆಲ್ಲ ಎಲ್ಲರೂ ಒಪ್ಪುವ ಕ್ರಮಸಂಖ್ಯೆ ಕೊಡುವ ಪದ್ಧತಿ 1982ರ ಪ್ಯಾರಿಸ್ ಸಮಾವೇಶದಿಂದ ಶುರುವಾದ ಮೇಲೆ ಅದು ಸಿಡಿ20 ಎಂದಾಯಿತು. ನಾವು ಇಂದು ರಿಪೋರ್ಟುಗಳಲ್ಲಿ ಕಾಣುವ ಸಿಡಿ3, ಸಿಡಿ19, ಸಿಡಿ30 ಎಲ್ಲವೂ ಇದೇ ಪಟ್ಟಿಯವು.

ಅದೇ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ರಾನ್ ಲೆವಿ ಮತ್ತೊಂದು ಪ್ರಯತ್ನದಲ್ಲಿದ್ದರು. ಪ್ರತಿ ಬಿ-ಕೋಶದ ಮೇಲೂ ಅದರದ್ದೇ ಆದ ಒಂದು ಗ್ರಾಹಿ ಇರುತ್ತದೆ. ಒಬ್ಬ ರೋಗಿಯ ಲಿಂಫೋಮಾ ಒಂದೇ ಕೋಶದಿಂದ ಹುಟ್ಟಿದ್ದರಿಂದ ಅದರ ಎಲ್ಲ ಕೋಶಗಳ ಮೇಲೂ ಒಂದೇ ಗ್ರಾಹಿ. ಅದಕ್ಕಷ್ಟೇ ಅಂಟುವ ಪ್ರತಿಕಾಯ ತಯಾರಿಸಿದರೆ ಆರೋಗ್ಯವಂತ ಕೋಶಗಳಿಗೆ ಏನೂ ಆಗದು. ಲೆವಿ ಹಾಗೆ ತಯಾರಿಸಿ ಕೊಟ್ಟ ಮೊದಲ ರೋಗಿಯಲ್ಲಿ ಕ್ಯಾನ್ಸರ್ ಪೂರ್ತಿ ಕರಗಿತು. 1982ರಲ್ಲಿ ಅದರ ವರದಿ ಪ್ರಕಟವಾಯಿತು. ಇದು ಆಗುವ ಕೆಲಸ ಎಂಬುದಕ್ಕೆ ಅದು ಸಾಕ್ಷಿ. ಆದರೆ ಪ್ರತಿ ರೋಗಿಗೂ ಹೊಸದಾಗಿ ತಿಂಗಳುಗಟ್ಟಲೆ ಕೂತು ಪ್ರತಿಕಾಯ ತಯಾರಿಸಬೇಕು. ಲಕ್ಷಾಂತರ ಜನರಿಗೆ ತಲುಪಬೇಕಾದ ಮದ್ದು ಹೀಗೆ ಆಗದು. ಎಲ್ಲ ರೋಗಿಗಳಲ್ಲೂ ಸಿಗುವ ಸಾಮಾನ್ಯ ಗುರಿಯೊಂದು ಬೇಕಿತ್ತು. ಕಣ್ಣು ಸಿಡಿ20ರತ್ತ ಹೊರಳಿತು.

ಸಿಡಿ20 ಆಯ್ಕೆಗೆ ಒಳ್ಳೆಯ ಕಾರಣಗಳಿದ್ದವು. ಅದು ಬಿ-ಕೋಶದ ಹೊರಪೊರೆಯಲ್ಲಿ ದಟ್ಟವಾಗಿ ನೆಟ್ಟುಕೊಂಡಿರುತ್ತದೆ. ಸುಲಭಕ್ಕೆ ಕಳಚಿ ರಕ್ತಕ್ಕೆ ಬೀಳುವುದಿಲ್ಲ. ಪ್ರತಿಕಾಯ ಬಂದು ಅಂಟಿದಾಗ ಹೆಚ್ಚಿನ ಮಟ್ಟಿಗೆ ಮೇಲೆಯೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೂಳೆಮಜ್ಜೆಯಲ್ಲಿರುವ ಮೂಲಕೋಶಗಳ ಮೇಲೆ ಅದು ಇಲ್ಲ. ಪ್ರತಿಕಾಯ ತಯಾರಿಸುತ್ತಾ ಕೂತಿರುವ ಪಕ್ವ ಪ್ಲಾಸ್ಮಾ ಕೋಶಗಳ ಮೇಲೂ ಇಲ್ಲ. ಆದ್ದರಿಂದ ಔಷಧಿ ಒಳ್ಳೆಯ ಬಿ-ಕೋಶಗಳನ್ನು ಕ್ಯಾನ್ಸರಿನ ಜತೆಗೇ ಅಳಿಸಿಹಾಕಿದರೂ, ಬುಡ ಉಳಿದಿರುವುದರಿಂದ ಕೆಲವು ತಿಂಗಳುಗಳಲ್ಲಿ ಅವು ಮತ್ತೆ ಚಿಗುರುತ್ತವೆ. ಅಲ್ಲಿಯತನಕ ಹಳೆಯ ಪ್ಲಾಸ್ಮಾ ಕೋಶಗಳು ಮೈಗೆ ಒಂದಿಷ್ಟು ಕಾವಲು ಕೊಡುತ್ತವೆ.

ಆದರೆ ಆಗ ಇಂಥ ಪ್ರತಿಕಾಯ ಬರುತ್ತಿದ್ದದ್ದು ಇಲಿಯಿಂದ. ಅದನ್ನು ಹಾಗೇ ಕೊಟ್ಟರೆ ನಮ್ಮ ಮೈ ಅದನ್ನು ಪರಕೀಯ ವಸ್ತುವೆಂದು ತಳ್ಳಿಬಿಡುತ್ತದೆ. ಸ್ಯಾನ್ ಡಿಯಾಗೋದ ಐಡೆಕ್ ಕಂಪನಿಯ ವಿಜ್ಞಾನಿಗಳು ಗುರುತು ಹಿಡಿಯುವ ತುದಿಯನ್ನಷ್ಟೇ ಇಲಿಯದ್ದಾಗಿ ಉಳಿಸಿಕೊಂಡು, ಉಳಿದ ಭಾಗವನ್ನು ಮನುಷ್ಯರ ಪ್ರತಿಕಾಯದಂತೆ ಕಟ್ಟಿದರು. ಆ ಔಷಧಿಯೇ ರಿಟುಕ್ಸಿಮ್ಯಾಬ್. 1997ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ನಿಧಾನಗತಿಯ ಲಿಂಫೋಮಾ ಮರಳಿ ಬಂದವರಿಗಾಗಿ ಮೊದಲು ಸಿಕ್ಕ ಒಪ್ಪಿಗೆ ಅದು.

ರಿಟುಕ್ಸಿಮ್ಯಾಬ್ ಸಿಡಿ20ಕ್ಕೆ ಅಂಟಿದ ಮೇಲೆ ಕೊಲ್ಲುವ ಕೆಲಸವನ್ನು ಹೆಚ್ಚಾಗಿ ಮೈಯ ಸ್ವಂತ ಪಡೆಗೇ ವಹಿಸುತ್ತದೆ. ಹೊರಗೆ ಚಾಚಿಕೊಂಡ ಅದರ ಬಾಲವನ್ನು ನ್ಯಾಚುರಲ್ ಕಿಲ್ಲರ್ ಎಂಬ ಕೋಶಗಳು ಹಿಡಿದು, ಅಂಟಿಕೊಂಡ ಕೋಶಕ್ಕೆ ತೂತು ಕೊರೆಯುತ್ತವೆ. ರಕ್ತದಲ್ಲಿನ ಕಾಂಪ್ಲಿಮೆಂಟ್ ಪ್ರೋಟೀನುಗಳೂ ಅದೇ ಜಾಗಕ್ಕೆ ಬಂದು ಪೊರೆಯನ್ನು ಒಡೆಯುತ್ತವೆ. ಭಕ್ಷಕ ಕೋಶಗಳು ಇಡೀ ಕೋಶವನ್ನೇ ನುಂಗುತ್ತವೆ.

ಉಗ್ರ ಲಿಂಫೋಮಾದಲ್ಲಿ ಇದು ನಿಜವಾಗಿ ಲೆಕ್ಕಕ್ಕೆ ಬರುತ್ತದೆಯೇ? ಉತ್ತರ ಬಂದದ್ದು 2002ರಲ್ಲಿ, ಫ್ರಾನ್ಸಿನ ಬರ್ಟ್ರಾಂಡ್ ಕ್ವಾಫಿಯೆ ನೇತೃತ್ವದ ಅಧ್ಯಯನದಿಂದ. 60ರಿಂದ 80 ವಯಸ್ಸಿನ 399 ರೋಗಿಗಳಲ್ಲಿ ಕೆಲವರಿಗೆ ಬರೀ ಚಾಪ್, ಕೆಲವರಿಗೆ ಚಾಪ್ ಜತೆ ರಿಟುಕ್ಸಿಮ್ಯಾಬ್ ಕೊಟ್ಟರು. ಕಾಯಿಲೆ ಪೂರ್ತಿ ಕರಗಿದ್ದು ಬರೀ ಚಾಪ್ ಪಡೆದವರಲ್ಲಿ ನೂರಕ್ಕೆ 63 ಮಂದಿಯಲ್ಲಿ, ಎರಡೂ ಪಡೆದವರಲ್ಲಿ 76 ಮಂದಿಯಲ್ಲಿ. ಎರಡು ವರ್ಷದ ನಂತರ ಬದುಕಿದ್ದವರು ನೂರಕ್ಕೆ 57 ಮತ್ತು 70. ಇಪ್ಪತ್ತು ವರ್ಷ ಅಲುಗಾಡದೆ ನಿಂತಿದ್ದ ಅಂಕಿಯನ್ನು ಒಂದೇ ಒಂದು ಪ್ರತಿಕಾಯ ಮೇಲಕ್ಕೆತ್ತಿತು. ಅದೂ ಕಿಮೋ ತಡೆದುಕೊಳ್ಳಲು ಕಷ್ಟಪಡುವ ಹಿರಿಯರಲ್ಲಿ, ಹೆಚ್ಚಿನ ವಿಷವಿಲ್ಲದೆ. ಅಂದಿನಿಂದ ‘ಆರ್-ಚಾಪ್’ ಜಗತ್ತಿನೆಲ್ಲೆಡೆ ಈ ಕಾಯಿಲೆಯ ಮೊದಲ ಚಿಕಿತ್ಸೆ. ಸಾಮಾನ್ಯವಾಗಿ 21 ದಿನಕ್ಕೊಂದು ಸುತ್ತಿನಂತೆ ಆರು ಸುತ್ತು.

ಮೊದಲ ಸುತ್ತಿನ ದಿನ ಡೇ-ಕೇರ್ ವಾರ್ಡಿನಲ್ಲಿ ಏನಾಗುತ್ತದೆ ಎಂಬುದು ರೋಗಿಗೂ ಜತೆಗಿರುವವರಿಗೂ ಮುಂಚೆಯೇ ಗೊತ್ತಿದ್ದರೆ ಅರ್ಧ ಭಯ ಕಡಿಮೆ. ಪ್ಯಾರಾಸಿಟಮಾಲ್ ಮತ್ತು ಅಲರ್ಜಿ ತಡೆಯುವ ಇಂಜೆಕ್ಷನ್ ಕೊಟ್ಟ ಮೇಲೆ ರಿಟುಕ್ಸಿಮ್ಯಾಬ್ ಶುರುಮಾಡುತ್ತಾರೆ. ಗಂಟೆಗೆ 50 ಮಿಲಿಗ್ರಾಂ ವೇಗದಲ್ಲಿ ಆರಂಭಿಸಿ, ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಮೊದಲ ಗಂಟೆಗಳಲ್ಲಿ ಹಲವರಿಗೆ ಚಳಿ ನಡುಕ, ಜ್ವರ, ಮೈ ತುರಿಕೆ ಬರುತ್ತದೆ. ನರ್ಸ್ ಬಂದು ಡ್ರಿಪ್ ನಿಲ್ಲಿಸಿ, ನಡುಕ ಇಳಿದ ಮೇಲೆ ನಿಧಾನವಾಗಿ ಮತ್ತೆ ಬಿಡುತ್ತಾರೆ. ಇದು ಮದ್ದು ಒಗ್ಗಲಿಲ್ಲ ಎಂಬುದರ ಸೂಚನೆಯಲ್ಲ. ಬಿ-ಕೋಶಗಳು ಒಟ್ಟಿಗೆ ಸಾಯುವಾಗ ಹೊರಬೀಳುವ ರಾಸಾಯನಿಕಗಳ ಪರಿಣಾಮ ಬಹುಪಾಲು. ಎರಡನೆಯ ಸುತ್ತಿಗೆ ಸಾಮಾನ್ಯವಾಗಿ ಈ ತೊಂದರೆ ತಗ್ಗುತ್ತದೆ. ಉಸಿರು ಕಟ್ಟಿದಂತಾದರೆ, ಎದೆ ಬಿಗಿದರೆ, ತಲೆ ಸುತ್ತಿದರೆ ಮಾತ್ರ ಆ ಕ್ಷಣವೇ ಹೇಳಬೇಕು. ಸಹಿಸಿಕೊಂಡು ಸುಮ್ಮನಿರಬಾರದು.

ಇನ್ನೊಂದು ಎಚ್ಚರಿಕೆ ಮುಂಚಿತವಾಗಿಯೇ ಬೇಕು. ಹಿಂದೆಂದೋ ಬಂದುಹೋದ ಹೆಪಟೈಟಿಸ್-ಬಿ ವೈರಸ್ ಯಕೃತ್ತಿನಲ್ಲಿ ಸದ್ದಿಲ್ಲದೆ ಅಡಗಿರಬಹುದು. ಬಿ-ಕೋಶಗಳ ಕಾವಲು ತಪ್ಪಿದಾಗ ಅದು ಎದ್ದು ಬಂದು ಪ್ರಾಣಕ್ಕೇ ಎರವಾದ ನಿದರ್ಶನಗಳಿವೆ. ಆದ್ದರಿಂದ ರಿಟುಕ್ಸಿಮ್ಯಾಬ್‌ಗೆ ಮೊದಲು ಎಚ್‌ಬಿಎಸ್‌ಎಜಿ ಮತ್ತು ಕೋರ್ ಪ್ರತಿಕಾಯದ ರಕ್ತಪರೀಕ್ಷೆ ಎರಡೂ ಆಗಿರಬೇಕು. ವೈರಸ್ ಇದೆ ಎಂದು ಗೊತ್ತಾದರೆ ಮಾತ್ರೆ ಕೊಟ್ಟು ಅದನ್ನು ಹದ್ದುಬಸ್ತಿನಲ್ಲಿ ಇಡಬಹುದು.

ಬೆಲೆಯ ಮಾತು. ರಿಟುಕ್ಸಿಮ್ಯಾಬ್ ಬಂದ ಹೊಸತರಲ್ಲಿ ನಮ್ಮಲ್ಲಿ ಅದು ಉಳ್ಳವರ ಔಷಧಿ. ಎಷ್ಟೋ ರೋಗಿಗಳು ಆರ್ ಇಲ್ಲದ ಬರೀ ಚಾಪ್‌ನಲ್ಲೇ ತೃಪ್ತಿಪಡಬೇಕಿತ್ತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಅದರ ಬಯೋಸಿಮಿಲರ್ ರೂಪವನ್ನು, ಅಂದರೆ ಗುಣದಲ್ಲಿ ಸರಿಹೋಲುವ ಆವೃತ್ತಿಯನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಇತರ ಭಾರತೀಯ ಕಂಪನಿಗಳೂ ತಂದವು, ಬೆಲೆ ಇಳಿಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಿಟುಕ್ಸಿಮ್ಯಾಬನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅತ್ಯಗತ್ಯ ಎಂದಮೇಲೆ ಅದು ದುಡ್ಡಿದ್ದವರಿಗಷ್ಟೇ ಸಿಗುವ ವಸ್ತುವಾಗಿ ಉಳಿಯಕೂಡದು. ಸರ್ಕಾರಿ ಯೋಜನೆಯ ಕಾರ್ಡ್ ಇರುವವರು ಆಸ್ಪತ್ರೆಯ ಕೌಂಟರಿನಲ್ಲಿ ‘ರಿಟುಕ್ಸಿಮ್ಯಾಬ್ ಸೇರಿದೆಯೇ’ ಎಂದು ಹೆಸರು ಹಿಡಿದೇ ಕೇಳಬೇಕು.

ಆರ್-ಚಾಪ್ ಎಲ್ಲರನ್ನೂ ಉಳಿಸುವುದಿಲ್ಲ. ಸರಿಸುಮಾರು ಮೂರರಲ್ಲಿ ಒಬ್ಬರಿಗೆ ಕಾಯಿಲೆ ಬಗ್ಗುವುದಿಲ್ಲ, ಇಲ್ಲವೇ ಮರಳಿ ಬರುತ್ತದೆ. ಅಂಥವರಲ್ಲಿ ಮತ್ತಷ್ಟು ಕಿಮೋಗೂ ಜಗ್ಗದ ಕಾಯಿಲೆಯವರ ಗತಿ ಏನಾಗುತ್ತಿತ್ತು ಎಂಬುದನ್ನು 2017ರಲ್ಲಿ ಪ್ರಕಟವಾದ ‘ಸ್ಕಾಲರ್-1’ ಅಧ್ಯಯನ ಲೆಕ್ಕ ಹಾಕಿತು. ಮುಂದಿನ ಕಿಮೋದಿಂದ ಕಾಯಿಲೆ ಪೂರ್ತಿ ಕರಗಿದ್ದು ನೂರಕ್ಕೆ 7 ಮಂದಿಯಲ್ಲಿ. ಅರ್ಧದಷ್ಟು ಜನ ಆರು ತಿಂಗಳ ಆಸುಪಾಸಿನಲ್ಲೇ ತೀರಿಕೊಂಡಿದ್ದರು.

ಈ ಕತ್ತಲೆಗೆ ಬೆಳಕು ತಂದದ್ದು ಮತ್ತೊಂದು ಗುರುತು, ಸಿಡಿ19. ಬಿ-ಕೋಶದ ಗ್ರಾಹಿ ಒಳಗೆ ಕಳಿಸುವ ಸಂದೇಶವನ್ನು ಬಲಪಡಿಸುವ ಸಹ-ಗ್ರಾಹಿ ಇದು. ಬಿ-ಕೋಶ ಎಳೆಯದಾಗಿರುವಾಗಿನಿಂದಲೂ ಅದರ ಮೈಮೇಲಿರುತ್ತದೆ. ಇದಕ್ಕೆ ಪ್ರತಿಕಾಯವನ್ನು ಕಳಿಸುವ ಬದಲು ರೋಗಿಯ ಟಿ-ಕೋಶಗಳನ್ನೇ ಕಳಿಸುವುದು ಕಾರ್-ಟಿ ಚಿಕಿತ್ಸೆ. ಪ್ರತಿಕಾಯದ ಗುರುತು ಹಿಡಿಯುವ ತುದಿಯನ್ನು ಟಿ-ಕೋಶಕ್ಕೆ ಜೋಡಿಸಬಹುದು ಎಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೆಲಿಗ್ ಎಶ್ಹಾರ್ ತಂಡ 1989ರಲ್ಲಿ ತೋರಿಸಿತ್ತು. ರೋಗಿಯ ರಕ್ತದಿಂದ ಟಿ-ಕೋಶಗಳನ್ನು ಬೇರ್ಪಡಿಸಿ, ಹಾನಿ ಮಾಡದಂತೆ ಮಾರ್ಪಡಿಸಿದ ವೈರಸ್ ಮೂಲಕ ಅವಕ್ಕೆ ಹೊಸ ವಂಶವಾಹಿ ಸೇರಿಸುತ್ತಾರೆ. ಆಗ ಆ ಕೋಶದ ಮೈಮೇಲೆ ಸಿಡಿ19 ಹಿಡಿಯುವ ಕೃತಕ ಗ್ರಾಹಿ ಮೂಡುತ್ತದೆ. ಅವನ್ನು ಕೋಟಿಗಟ್ಟಲೆ ಬೆಳೆಸಿ, ಸಣ್ಣ ಚೀಲದಲ್ಲಿ ತುಂಬಿ, ರೋಗಿಗೆ ಮರಳಿ ಕೊಡುತ್ತಾರೆ. ಆ ಚೀಲ ಖಾಲಿಯಾಗಲು ಕೆಲವೇ ನಿಮಿಷ ಸಾಕು.

2017ರಲ್ಲಿ ಪ್ರಕಟವಾದ ‘ಜುಮಾ-1’ ಅಧ್ಯಯನದಲ್ಲಿ ಇಂಥ ಕೋಶಗಳನ್ನು ಪಡೆದವರು 101 ಮಂದಿ, ಬಹುತೇಕ ಎಲ್ಲರೂ ಕಿಮೋಗೆ ಜಗ್ಗದ ಕಾಯಿಲೆಯವರು. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಭಾರತೀಯ ಮೂಲದ ವೈದ್ಯ ಸತ್ವ ನೀಲಾಪು ಅದರ ಮುಂಚೂಣಿಯಲ್ಲಿದ್ದರು. ನೂರಕ್ಕೆ 82 ಮಂದಿಯಲ್ಲಿ ಗಂಟುಗಳು ಕುಗ್ಗಿದವು. 54 ಮಂದಿಯಲ್ಲಿ ಪೂರ್ತಿ ಮಾಯವಾದವು. ಐದು ವರ್ಷದ ನಂತರವೂ ನೂರಕ್ಕೆ 40ಕ್ಕಿಂತ ಹೆಚ್ಚು ಜನ ಬದುಕಿದ್ದರು. ಆರು ತಿಂಗಳ ಆಯುಸ್ಸು ಎಂದಿದ್ದ ಕಡೆ ಇದು ಸಣ್ಣ ಮಾತಲ್ಲ.

ಅಪಾಯವೂ ಸಣ್ಣದಲ್ಲ. ಟಿ-ಕೋಶಗಳು ಒಮ್ಮೆಲೇ ಕೆರಳಿದಾಗ ಹೊರಬೀಳುವ ಸೈಟೋಕೈನ್ ಎಂಬ ರಾಸಾಯನಿಕಗಳಿಂದ ಸುಡುವ ಜ್ವರ ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಕೆಲವರಲ್ಲಿ ಮಿದುಳಿಗೂ ಪೆಟ್ಟು. ಅದನ್ನು ಮೊದಲೇ ಹಿಡಿಯಲು ವಾರ್ಡಿನಲ್ಲಿ ಮಾಡುವ ಪರೀಕ್ಷೆ ತೀರ ಸರಳ. ರೋಗಿಗೆ ಬರುವ ಭಾಷೆಯಲ್ಲಿ ಒಂದು ವಾಕ್ಯ ಬರೆಯಲು ಹೇಳುತ್ತಾರೆ. ನೂರರಿಂದ ಹತ್ತು ಹತ್ತು ಕಳೆಯುತ್ತಾ ಬರಲು ಹೇಳುತ್ತಾರೆ. ಎದುರಿಗಿರುವ ಗಡಿಯಾರ, ಪೆನ್ನು ಮುಂತಾದವುಗಳ ಹೆಸರು ಕೇಳುತ್ತಾರೆ. ನಿನ್ನೆ ಗುಂಡಾಗಿದ್ದ ಅಕ್ಷರ ಇವತ್ತು ಸೊಟ್ಟಗಾಗಿ ಸಾಲು ಬಿಟ್ಟು ಜಾರಿದರೆ ವೈದ್ಯರು ಎಚ್ಚೆತ್ತು ಸ್ಟೀರಾಯ್ಡ್ ಶುರುಮಾಡುತ್ತಾರೆ. ಸೈಟೋಕೈನ್ ಬಿರುಗಾಳಿಗೆ ಟೋಸಿಲಿಜುಮ್ಯಾಬ್ ಕೊಡುತ್ತಾರೆ. ಅದೂ ಒಂದು ಗ್ರಾಹಿಯನ್ನು ಅಡ್ಡಗಟ್ಟುವ ಪ್ರತಿಕಾಯವೇ.

ಅಮೆರಿಕದಲ್ಲಿ ಈ ಚಿಕಿತ್ಸೆ ಬಂದಾಗ ಕೋಶಗಳ ಬೆಲೆಯೇ 3,73,000 ಡಾಲರ್. ನಮ್ಮವರಿಗೆ ಅದು ಕನಸಿನ ಮಾತಾಗಿತ್ತು. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ತಂಡ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರ ಜತೆ ಸೇರಿ ದೇಶದಲ್ಲೇ ಸಿಡಿ19 ಕಾರ್-ಟಿ ರೂಪಿಸಿತು. 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕು, 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಬಿಡುಗಡೆ ಮಾಡಿದರು. ಇದರ ಪರೀಕ್ಷೆಗೆ ಒಳಗಾದ 64 ರೋಗಿಗಳ ವಿವರ 2025ರಲ್ಲಿ ‘ಲ್ಯಾನ್ಸೆಟ್ ಹೆಮಟಾಲಜಿ’ಯಲ್ಲಿ ಬಂತು, ಚಿಕಿತ್ಸೆಗೆ ಸ್ಪಂದಿಸಿದವರು ನೂರಕ್ಕೆ 73. ಬೆಂಗಳೂರಿನಲ್ಲೂ ಕೆಲಸ ನಡೆಯಿತು. ಸಿದ್ಧಾರ್ಥ ಮುಖರ್ಜಿ ಮತ್ತು ಕಿರಣ್ ಮಜುಂದಾರ್ ಷಾ ಸಹ-ಸ್ಥಾಪಕರಾಗಿರುವ ಇಮ್ಯುನೀಲ್ ಸಂಸ್ಥೆ ಬಾರ್ಸಿಲೋನಾದ ಆಸ್ಪತ್ರೆಯೊಂದು ಬೆಳೆಸಿದ ತಂತ್ರವನ್ನು ಇಲ್ಲಿಗೆ ತಂದು, 2025ರ ಜನವರಿಯಲ್ಲಿ ತನ್ನ ಕಾರ್-ಟಿಯನ್ನು ಬಳಕೆಗೆ ಬಿಟ್ಟಿತು. ವಿದೇಶದ ಬೆಲೆಗೆ ಹೋಲಿಸಿದರೆ ಇವು ಬಹಳ ಅಗ್ಗ. ಆದರೂ ಹತ್ತಾರು ಲಕ್ಷ ರೂಪಾಯಿ ಬೇಕು. ಹೊಲ ಮಾರಿದರೂ ಹೊಂದದ ಮೊತ್ತ ಅದು. ವಿಮೆ ಮತ್ತು ಸರ್ಕಾರಿ ಯೋಜನೆಗಳು ಮುಂದೆ ಬಾರದೆ ಈ ಸಾಧನೆ ಸಾಮಾನ್ಯರ ಮನೆಬಾಗಿಲಿಗೆ ಬರುವುದಿಲ್ಲ.

ಕೋಶ ತೆಗೆದು, ಬೆಳೆಸಿ, ಮರಳಿ ಕೊಡಲು ವಾರಗಳು ಹಿಡಿಯುತ್ತವೆ. ಉಗ್ರ ಕಾಯಿಲೆ ಅಷ್ಟು ಕಾಯುವುದಿಲ್ಲ. ಹೀಗಾಗಿ ಬಾಟಲಿಯಲ್ಲೇ ಸಿದ್ಧವಾಗಿ ಸಿಗುವ ಎರಡು ಕೈಗಳ ಪ್ರತಿಕಾಯಗಳು ಬಂದಿವೆ. ಒಂದು ಕೈ ಕ್ಯಾನ್ಸರ್ ಕೋಶದ ಸಿಡಿ20 ಹಿಡಿದರೆ, ಇನ್ನೊಂದು ಕೈ ಟಿ-ಕೋಶದ ಸಿಡಿ3 ಹಿಡಿದು ಎಳೆದು ತಂದು ಎರಡನ್ನೂ ಮುಖಾಮುಖಿ ಮಾಡುತ್ತದೆ. ಎಪ್ಕೋರಿಟಮ್ಯಾಬ್ ಮತ್ತು ಗ್ಲೋಫಿಟಮ್ಯಾಬ್ ಎಂಬ ಎರಡಕ್ಕೂ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಲವು ಚಿಕಿತ್ಸೆ ಸೋತವರಲ್ಲೂ ನೂರಕ್ಕೆ 39ರಷ್ಟು ಜನರಲ್ಲಿ ಕಾಯಿಲೆ ಪೂರ್ತಿ ಕರಗಿದ್ದು ಎರಡರ ಅಧ್ಯಯನದಲ್ಲೂ ಕಂಡುಬಂತು.

ಮೂರನೆಯದು ಪ್ರತಿಕಾಯದ ಬೆನ್ನಿಗೆ ವಿಷ ಕಟ್ಟಿ ಕಳಿಸುವ ದಾರಿ. ಬಿ-ಕೋಶ ಗ್ರಾಹಿಯ ಭಾಗವೇ ಆದ ಸಿಡಿ79ಬಿ ಇಲ್ಲಿ ಗುರಿ. ಸಿಡಿ20ಕ್ಕೆ ವ್ಯತಿರಿಕ್ತವಾಗಿ ಇದು ಪ್ರತಿಕಾಯ ಅಂಟಿದೊಡನೆ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ವಿಷವೂ ಜತೆಗೇ ಒಳಹೋಗಿ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಪೋಲಟುಜುಮ್ಯಾಬ್ ವೆಡೋಟಿನ್ ಎಂಬ ಈ ಔಷಧಿಯಲ್ಲಿನ ವಿಷದ ಮೂಲಮಾದರಿ ಹಿಂದೂ ಮಹಾಸಾಗರದ ಚಿಪ್ಪಿಲ್ಲದ ಬಸವನಹುಳುವಿನಂಥ ಒಂದು ಕಡಲ ಜೀವಿಯಲ್ಲಿ ಸಿಕ್ಕಿದ್ದು. 879 ರೋಗಿಗಳ ‘ಪೋಲಾರಿಕ್ಸ್’ ಅಧ್ಯಯನದಲ್ಲಿ, ಆರ್-ಚಾಪ್‌ನ ವಿನ್‌ಕ್ರಿಸ್ಟಿನ್ ತೆಗೆದು ಇದನ್ನು ಸೇರಿಸಿದಾಗ, ಎರಡು ವರ್ಷದವರೆಗೆ ಕಾಯಿಲೆ ಮುಂದುವರಿಯದೆ ಇದ್ದವರು ನೂರಕ್ಕೆ 70.2ರಿಂದ 76.7ಕ್ಕೆ ಏರಿದರು. ಆ ಹೊತ್ತಿಗೆ ಒಟ್ಟು ಬದುಕುಳಿದವರ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ದುಬಾರಿಯಾದ ಈ ಔಷಧಿ ಕೈಗೆಟುಕದಿದ್ದರೆ ಎಲ್ಲ ಮುಗಿಯಿತು ಎಂದು ಯಾರೂ ಕೊರಗಬೇಕಿಲ್ಲ. ಆರ್-ಚಾಪ್ ಇಂದಿಗೂ ಗಟ್ಟಿ ಚಿಕಿತ್ಸೆ.

ಕ್ಯಾನ್ಸರ್ ಕೂಡ ಸುಮ್ಮನೆ ಕೂರುವುದಿಲ್ಲ. ಸಿಡಿ19ಕ್ಕೆ ಗುರಿಯಿಟ್ಟ ಚಿಕಿತ್ಸೆಯ ನಂತರ ಮರಳಿ ಬಂದ ಕೆಲವು ಲಿಂಫೋಮಾಗಳಲ್ಲಿ ಸಿಡಿ19 ಕಾಣೆಯಾಗಿರುತ್ತದೆ. ಸಿಡಿ20ಕ್ಕೆ ಗುರಿಯಿಟ್ಟ ಮೇಲೆ ಸಿಡಿ20 ಕಳೆದುಕೊಂಡ ಕೋಶಗಳು ಉಳಿದು ಬೆಳೆಯಬಹುದು. ಗುರುತು ಇಲ್ಲದ ಮೇಲೆ ಅದೇ ಮದ್ದನ್ನು ಮತ್ತೆ ಕೊಟ್ಟು ಫಲವಿಲ್ಲ. ಹಾಗಾಗಿ ಕಾಯಿಲೆ ಮರಳಿದಾಗ ಹಳೆಯ ರಿಪೋರ್ಟನ್ನೇ ನೆಚ್ಚಿಕೊಳ್ಳದೆ, ಸಾಧ್ಯವಿದ್ದಾಗಲೆಲ್ಲ ಮತ್ತೊಮ್ಮೆ ಬಯಾಪ್ಸಿ ಮಾಡಿ, ಈಗ ಮೈಮೇಲೆ ಏನಿದೆ ಎಂದು ನೋಡಬೇಕು. ‘ಒಂದು ಸಲ ಕೊಯ್ದಾಗಿದೆಯಲ್ಲ, ಮತ್ತೇಕೆ’ ಎಂದು ಮನೆಯವರು ಕೇಳುವುದು ಸಹಜ. ಉತ್ತರ ಇದೇ.

ಇಷ್ಟೆಲ್ಲ ವಿಜ್ಞಾನ ಕೈಯಲ್ಲಿದ್ದೂ ನಮ್ಮಲ್ಲಿ ಹಲವು ರೋಗಿಗಳು ತಡವಾಗಿ ಬರುತ್ತಾರೆ. ಕಾರಣ ಗೊತ್ತಿರುವುದೇ. ಕುತ್ತಿಗೆಯಲ್ಲಿ ಗಂಟು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ. ಇವು ಟಿಬಿಯ ಲಕ್ಷಣಗಳೂ ಹೌದು, ಲಿಂಫೋಮಾದ ಲಕ್ಷಣಗಳೂ ಹೌದು. ನಮ್ಮ ದೇಶದಲ್ಲಿ ಟಿಬಿ ಹೆಚ್ಚು. ಹಾಗಾಗಿ ಗಂಟನ್ನು ಪರೀಕ್ಷಿಸದೆ ಟಿಬಿ ಮಾತ್ರೆ ಶುರುಮಾಡುವುದು, ತಿಂಗಳೆರಡು ತಿಂಗಳು ಕಾದು ನೋಡುವುದು ನಡೆದೇ ಇದೆ. ಅಷ್ಟರಲ್ಲಿ ಉಗ್ರ ಲಿಂಫೋಮಾ ಹೊಟ್ಟೆ, ಮೂಳೆಮಜ್ಜೆ ಮುಟ್ಟಿರುತ್ತದೆ. ಇನ್ನು ಕೆಲವರಿಗೆ ಗಂಟು ಇಳಿಯಲೆಂದು ಸ್ಟೀರಾಯ್ಡ್ ಕೊಡುತ್ತಾರೆ. ಲಿಂಫೋಮಾ ಸ್ಟೀರಾಯ್ಡಿಗೆ ತಾತ್ಕಾಲಿಕವಾಗಿ ಕುಗ್ಗುತ್ತದೆ. ವಾಸಿಯಾಯಿತು ಎಂಬ ಭ್ರಮೆ ಹುಟ್ಟುತ್ತದೆ. ಆಮೇಲೆ ಬಯಾಪ್ಸಿ ಮಾಡಿದರೂ ಚಿತ್ರ ಕಲಸಿಹೋಗಿ ಪೆಥಾಲಜಿಸ್ಟರಿಗೆ ಏನೂ ಹೇಳಲಾಗದ ಸ್ಥಿತಿ ಬರುತ್ತದೆ.

ಸಣ್ಣ ಸೂಜಿ ಚುಚ್ಚಿ ತೆಗೆಯುವ ಎಫ್‌ಎನ್‌ಎಸಿ ಪರೀಕ್ಷೆ ಸುಳಿವು ಕೊಡಬಲ್ಲದು, ಪೂರ್ಣ ಉತ್ತರ ಕೊಡಲಾರದು. ಲಿಂಫೋಮಾದ ಬಗೆ ತಿಳಿಯಲು ಗ್ರಂಥಿಯ ರಚನೆಯೂ ಕಾಣಬೇಕು, ಮೇಲ್ಮೈ ಗುರುತುಗಳ ಪರೀಕ್ಷೆಗೆ ಸಾಕಷ್ಟು ಅಂಗಾಂಶವೂ ಬೇಕು. ಸಾಧ್ಯವಾದರೆ ಇಡೀ ಗ್ರಂಥಿಯನ್ನೇ ತೆಗೆಯುವುದು, ಆಗದಿದ್ದರೆ ದಪ್ಪ ಸೂಜಿಯ ಬಯಾಪ್ಸಿ ಮಾಡುವುದು ಸರಿಯಾದ ಕ್ರಮ. ಕತ್ತಿ ಮುಟ್ಟಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಹಳ್ಳಿಯಲ್ಲೂ ಇದೆ, ಪಟ್ಟಣದಲ್ಲೂ ಇದೆ. ದುಗ್ಧಗ್ರಂಥಿಯ ಬಯಾಪ್ಸಿಯಿಂದ ಲಿಂಫೋಮಾ ಹರಡುವುದಿಲ್ಲ. ಬಯಾಪ್ಸಿ ಮಾಡದೆ ಕಳೆದ ವಾರಗಳಲ್ಲಿ ಮಾತ್ರ ಖಂಡಿತ ಬೆಳೆಯುತ್ತದೆ.

ಸರ್ಕಾರ ಮಾಡಬೇಕಾದದ್ದೂ ಇದೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಔಷಧಿ ಒದಗಿಸುವುದು ಎಷ್ಟು ಮುಖ್ಯವೋ, ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಗಂಟು ಸರಿಯಾದ ಫಾರ್ಮಲಿನ್ ಡಬ್ಬಿಯಲ್ಲಿ, ತಡವಾಗದೆ, ಮೇಲ್ಮೈ ಗುರುತು ಪರೀಕ್ಷಿಸುವ ಪ್ರಯೋಗಾಲಯಕ್ಕೆ ತಲುಪುವುದೂ ಅಷ್ಟೇ ಮುಖ್ಯ. ಆ ಪರೀಕ್ಷೆಯ ಖರ್ಚನ್ನು ರೋಗಿಯ ತಲೆಗೆ ಕಟ್ಟಬಾರದು. ಗುರುತು ಸಿಗದ ರೋಗಿಗೆ ಲಕ್ಷಾಂತರ ರೂಪಾಯಿಯ ಮದ್ದು ಇದ್ದರೂ ಇಲ್ಲದಂತೆಯೇ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ನೋವಿಲ್ಲದ ಗಂಟು ಮೂರು-ನಾಲ್ಕು ವಾರವಾದರೂ ಇಳಿಯದಿದ್ದರೆ, ದಿನೇ ದಿನೇ ಬೆಳೆಯುತ್ತಿದ್ದರೆ, ವೈದ್ಯರಲ್ಲಿ ಬಯಾಪ್ಸಿಯ ಬಗ್ಗೆ ನೀವಾಗಿಯೇ ಕೇಳಿ. ಟಿಬಿ ಎಂದರೆ ಯಾವ ಪರೀಕ್ಷೆಯಿಂದ ಖಚಿತವಾಯಿತು ಎಂದು ಕೇಳಿ. ಲಿಂಫೋಮಾ ಎಂದರೆ ಅದರ ಪೂರ್ತಿ ಹೆಸರೇನು, ಸಿಡಿ20 ಇದೆಯೇ, ಹೆಪಟೈಟಿಸ್-ಬಿ ಪರೀಕ್ಷೆ ಆಗಿದೆಯೇ ಎಂದು ಕೇಳಿ, ರಿಪೋರ್ಟಿನ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಇವು ವೈದ್ಯರ ಮೇಲಿನ ಅಪನಂಬಿಕೆಯ ಪ್ರಶ್ನೆಗಳಲ್ಲ, ಒಳ್ಳೆಯ ವೈದ್ಯರು ಸಂತೋಷದಿಂದ ಉತ್ತರಿಸುವ ಪ್ರಶ್ನೆಗಳು. ಈ ಕಾಯಿಲೆಗೆ ಮದ್ದಿದೆ. ಅದು ನಾಟುವಂತೆ ಮಾಡುವ ಮೊದಲ ಕೆಲಸ, ಗಂಟಿನ ಗುರುತು ಹಿಡಿಸುವುದು, ನಮ್ಮ ಕೈಯಲ್ಲೇ ಇದೆ. ತಡಮಾಡಬೇಡಿ.